ಕಾಲಂ ಹನ್ನೊಂದು

ಟೆಲ್ಫರ್ ಕೌಂಟಿ ಕಚೇರಿಯಲ್ಲಿ ನನ್ನದು ಮೂರನೇ ಕಿಟಕಿ.
ನಾಯಿ ಸಾಕಲು ಪರವಾನಗಿ ಇಲ್ಲೇ,
ಪಾಯಖಾನೆ ಗುಂಡಿ ತೋಡಲೂ ಇಲ್ಲೇ,
ಮದುವೆಗೂ ಇಲ್ಲೇ.
ಶುಲ್ಕ ಬೇರೆ ಬೇರೆ, ಮೊಹರು ಒಂದೇ.

ಶುಕ್ರವಾರ, ಮುಚ್ಚಲು ಇನ್ನಿಪ್ಪತ್ತು ನಿಮಿಷ,
ಒಂದೇ ಟ್ರಕ್ಕಿನಿಂದ ಮೂವರು ಇಳಿದರು.
ಡ್ವೇನ್ ಸ್ಟಿಗಲ್, ಇಪ್ಪತ್ನಾಲ್ಕು,
ಗರಗಸದ ಮಿಲ್ಲಿನ ಹೊಟ್ಟು ಇನ್ನೂ ಹುಬ್ಬಿನ ಮೇಲೆ.
ಕೊರೀನ್ ಟ್ಯಾಕೆಟ್, ಹದಿನಾರು ವರ್ಷ ಹನ್ನೊಂದು ದಿನ.
ದಿನ ಎಣಿಸುವುದು ನನ್ನ ಕೆಲಸ, ಎರಡು ಸಲ ಎಣಿಸಿದೆ.
ಹಿಂದೆ ಅವಳ ತಾಯಿ ಆರ್ಡಿತ್,
ಕೈಚೀಲವನ್ನು ಹಸುಗೂಸಿನಂತೆ ಅವಚಿಕೊಂಡು.

ಕಾನೂನು ಕಷ್ಟದ್ದಲ್ಲ, ಒಂದೇ ಪುಟ:
ಹದಿನೆಂಟು ತುಂಬಿದರೆ ಯಾರನ್ನೂ ಕೇಳಬೇಕಿಲ್ಲ.
ಹದಿನಾರಾದರೆ ತಂದೆ ಅಥವಾ ತಾಯಿ, ಒಬ್ಬರ ಸಹಿ, ನನ್ನ ಕಣ್ಣೆದುರು.
ಇನ್ನೂ ಚಿಕ್ಕವಳಾದರೆ ಜಡ್ಜ್ ಬೇಕು.
ಜಡ್ಜ್ ಗುರುವಾರ ಮೀನು ಹಿಡಿಯಲು ಹೋಗುತ್ತಾರೆ,
ಉಳಿದ ದಿನ ಸಿಗುತ್ತಾರೆ.

ಕಾಲಂ ಹನ್ನೊಂದು: ಪಾಲಕರ ಒಪ್ಪಿಗೆ.
ಒಪ್ಪುವುದೋ, ಒಪ್ಪಿಸಿಬಿಡುವುದೋ,
ಫಾರ್ಮಿನಲ್ಲಿ ವಿವರಣೆ ಇಲ್ಲ.
ಹುಡುಗಿಯನ್ನು ಕೇಳಿದೆ, "ನಿನ್ನ ಇಷ್ಟ ತಾನೆ?"
ಟೀಚರ್ ಮುಂದೆ ಮಗ್ಗಿ ಒಪ್ಪಿಸುವ ಹಾಗೆ
ಒಂದೇ ಉಸಿರಿಗೆ, "ಹೌದು ಮೇಡಂ."
ಆಮೇಲೆ ಗಡಿಯಾರ ನೋಡಿ,
"ತುಂಬಾ ಹೊತ್ತಾಗುತ್ತಾ? ಐದಕ್ಕೆ ಬ್ಯಾಂಡ್ ಪ್ರಾಕ್ಟೀಸ್,
ಕ್ಲಾರಿನೆಟ್ ಟ್ರಕ್ಕಲ್ಲೇ ಇದೆ."
ಡ್ವೇನ್ ಕೀಗೊಂಚಲನ್ನು ಅಂಗೈಯಲ್ಲಿ ಕುಣಿಸಿದ.

ಆರ್ಡಿತ್ ಸಹಿ ಹಾಕಿದಳು.
ಆ ಸಹಿ ನಾನು ಬಲ್ಲೆ. ನಮ್ಮ ಮಕ್ಕಳು ಒಂದೇ ತರಗತಿ,
ಮೃಗಾಲಯದ ಪ್ರವಾಸದ ಚೀಟಿಗಳನ್ನು ನಾನೇ ಜೋಡಿಸಿದ್ದೆ.
ಅದರ ಪಕ್ಕ ಅವಳು ಬರೆದಿದ್ದಳು,
"ಇವಳಿಗೆ ಬಸ್ಸಲ್ಲಿ ವಾಂತಿಯಾಗುತ್ತೆ, ಕಿಟಕಿ ಸೀಟು ಕೊಡಿ."
ಇಲ್ಲಿ ಪಕ್ಕದಲ್ಲಿ ಜಾಗ ಬಿಟ್ಟಿಲ್ಲ.

ಹೇಳಬೇಕಿತ್ತು, ಹೇಳಲಿಲ್ಲ:
ಬಾಡಿಗೆ ಪತ್ರಕ್ಕೆ ಇವಳ ಸಹಿ ನಡೆಯುವುದಿಲ್ಲ,
ವಕೀಲನ ಹತ್ತಿರವೂ ನಡೆಯುವುದಿಲ್ಲ,
ನಡುರಾತ್ರಿ ಓಡಿಬಂದರೆ ಆಶ್ರಯದ ಮನೆಯವರು
ವಯಸ್ಸು ಕೇಳಿ ಬಾಗಿಲಲ್ಲೇ ನಿಲ್ಲಿಸುತ್ತಾರೆ.
ನನಗೆ ಗೊತ್ತು.
ನನ್ನಪ್ಪ ಸಹಿ ಹಾಕಿದ್ದು ಟ್ರ್ಯಾಕ್ಟರಿನಿಂದ ಇಳಿಯದೆ.
ಆಗಿನ ಕ್ಲರ್ಕ್ ಬೇಲಿಯವರೆಗೂ ಬಂದಿದ್ದ,
ಎಂಜಿನ್ ಆರಿಸಿರಲಿಲ್ಲ.

"ಮೂರು ದಿನ ಕಾಯಬೇಕು," ಅಂದೆ.
ಆ ಪುಟದಲ್ಲಿ ಅದೊಂದು ಸಾಲು ನನ್ನ ಕಡೆಗಿತ್ತು.

ಸೋಮವಾರ ನಾನು ಬೀಗ ತೆಗೆಯುವ ಮೊದಲೇ
ಆರ್ಡಿತ್ ಮೆಟ್ಟಿಲ ಮೇಲೆ, ಒಬ್ಬಳೇ,
ಕೋಳಿ ಕಾರ್ಖಾನೆಯ ಬಿಳಿ ಬೂಟಿನಲ್ಲಿ.
"ಹಾಕಿದ ಸಹಿ ವಾಪಸು ತಗೊಳ್ಳೋಕೆ
ಯಾವ ಫಾರ್ಮು?"

ಡ್ರಾಯರುಗಳನ್ನೆಲ್ಲ ತಡಕಿದೆ.
ಹೆಸರು ಬದಲಿಸಲು ಇದೆ, ಬೇಲಿ ಸರಿಸಲು ಇದೆ,
ಸತ್ತ ದನ ಹೂಳಲೂ ಇದೆ.
ಅದೊಂದಿಲ್ಲ.

"ಕಾಫಿ ತರ್ತೀನಿ," ಅಂದೆ.
ಕಡತವನ್ನು ಅವಳ ಕಡೆ ತಿರುಗಿಸಿಟ್ಟು ಒಳಗೆ ಹೋದೆ.
ಸಕ್ಕರೆ ಹುಡುಕಲು
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಬಂದಾಗ ಅವಳಿಲ್ಲ.
ನನ್ನ ರಬ್ಬರು ಶಾಯಿ ಅಳಿಸುವಂಥದ್ದಲ್ಲ,
ಆದರೂ ಉಜ್ಜಿದ್ದಾಳೆ, ಉಜ್ಜಿ ಉಜ್ಜಿ
ಹನ್ನೊಂದನೇ ಕಾಲಮ್ಮಿನಲ್ಲಿ ಈಗ ಒಂದು ತೂತು,
ತೂತಿನೊಳಗೆ ಮೇಜಿನ ಮರ.

ಹತ್ತಕ್ಕೆ ಡ್ವೇನ್ ಬಂದ, ಇಸ್ತ್ರಿ ಅಂಗಿ ತೊಟ್ಟು.
"ತೂತು ಬಿದ್ದ ಕಾಗದಕ್ಕೆ ಮೊಹರು ಬೀಳುವುದಿಲ್ಲ," ಅಂದೆ.
ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.
ಪುಟವನ್ನು ಬೆರಳಿಟ್ಟು ಓದಿದ,
'ಅಥವಾ'ದ ಮೇಲೆ ಬೆರಳು ನಿಂತಿತು.
"ಅವರಪ್ಪ ಪಕ್ಕದ ಕೌಂಟಿಯಲ್ಲೇ ಇರೋದು.
ಅಲ್ಲಿನ ಕಚೇರಿ ಎಷ್ಟು ದೂರ?"

ಕೇಳಿದವರಿಗೆ ದಾರಿ ಹೇಳುವುದೂ ನನ್ನ ಕೆಲಸ.
ನಲವತ್ತು ಮೈಲಿ, ಅಂದೆ,
ಸೇತುವೆ ಬೇರೆ ಮುರಿದಿದೆ.

ಇಪ್ಪತ್ತೆರಡು.
ಸೇತುವೆ ಗಟ್ಟಿಯಾಗಿದೆ.