ನೋಡುವ

ಮೋನಪ್ಪ ತಿಂಗಳಾಯರಿಗೆ ಇದು ಒಂಬತ್ತನೇ ಕರೆ.
ಮಲ್ಪೆಯ ಐಸ್ ಪ್ಲಾಂಟಿನ ನೆರಳಲ್ಲಿ ಸ್ಕೂಟಿ ನಿಲ್ಲಿಸಿ
ಹೆಲ್ಮೆಟ್ಟಿನೊಳಗೆ ಫೋನು ತುರುಕಿ ಕೇಳುತ್ತೇನೆ:
ರಿಂಗು, ರಿಂಗು, ಆಮೇಲೆ ಆ ಹೆಂಗಸು
ಯಾರೂ ಉತ್ತರಿಸುತ್ತಿಲ್ಲ ಎನ್ನುತ್ತಾಳೆ,
ಒಂಚೂರೂ ಬೇಜಾರಿಲ್ಲದೆ.

ನಾನು ಮಾರುವುದು ಮೀನು ಹುಡುಕುವ ಯಂತ್ರ.
ಡೆಮೋ ದಿನ ನಾನೇ ವಿವರಿಸಿದ್ದೆ:
ಸದ್ದು ಕೆಳಗೆ ಹೋಗ್ತದೆ, ಎಂತಕ್ಕಾದರೂ ತಾಗಿದರೆ
ತಿರುಗಿ ಬರ್ತದೆ. ಅಷ್ಟೇ.
"ತಾಗದಿದ್ದರೆ?" ಅಂದಿದ್ದರು.
ನನ್ನಲ್ಲಿ ಉತ್ತರ ಇರಲಿಲ್ಲ.
ಎರಡು ಗೋಳಿಬಜೆ ನನ್ನ ತಟ್ಟೆಗೆ ದೂಡಿ
"ಆಯ್ತು, ನೋಡುವ."

ನೋಡುವ.
ಘಟ್ಟದ ಮೇಲಿನ ಮ್ಯಾನೇಜರಿಗೆ ಈ ಮಾತು ತಿಳಿಯದು.
ಹೌದೋ ಅಲ್ಲವೋ, ಒಂದು ಬರಿ ಎನ್ನುತ್ತಾರೆ.
ಬಿಸಿ, ಬೆಚ್ಚಗೆ, ತಣ್ಣಗೆ: ಮೂರೇ ಖಾನೆ.
ಮೂರು ತಿಂಗಳಿಂದ ಬೆಚ್ಚಗಿದ್ದಾರೆ ತಿಂಗಳಾಯರು.

ಇವತ್ತು ಧಕ್ಕೆಯಲ್ಲೇ ಕಂಡರು.
ಬಲೆಯ ರಾಶಿಯ ಮೇಲೆ ಕೂತು, ಸೂಜಿ ಹಲ್ಲಲ್ಲಿ ಕಚ್ಚಿ.
ಪಕ್ಕದಲ್ಲಿ ಮಿನುಗುವ ಫೋನನ್ನು ನೋಡಿದರು,
ಮೆಲ್ಲಗೆ ಬೋರಲು ಹಾಕಿದರು.
ಆಮೇಲೆ ತಲೆಯೆತ್ತಿ ನನ್ನನ್ನು.

ಅವರ ಬೆನ್ನ ಹಿಂದೆ, ಚೈನ್ ಬ್ಲಾಕಿನಲ್ಲಿ
ಬೋಟಿನ ಇಂಜಿನ್ನು ನೇತಾಡುತ್ತಿತ್ತು,
ಕರುಳು ಬಿಚ್ಚಿಕೊಂಡು, ಎಣ್ಣೆ ತೊಟ್ಟಿಕ್ಕುತ್ತ.
"ಇದು ಹೋಯ್ತು ಮಾರಾಯ್ತಿ. ಎರಡು ಲಕ್ಷ.
ನಿನಗೆ ಇಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ."
ನನ್ನ ಕಿವಿಯಲ್ಲಿ ಆ ಹೆಂಗಸು
ಇನ್ನೂ ಹೇಳುತ್ತಲೇ ಇದ್ದಳು.

ಸಂಜೆ, ಮೂರೂ ಖಾನೆ ಬಿಟ್ಟು
ಅಂಚಿನ ಬಿಳಿಯಲ್ಲಿ ಬರೆದುಕೊಂಡೆ:
ಫೋನು ಬೇಡ.
ಅಷ್ಟಮಿ ಕಳೆದು ಒಮ್ಮೆ ಹೋಗು.
ಇಂಜಿನ್ ಹೇಗಿದೆ ಕೇಳು,
ನೂರು ರೂಪಾಯಿಯ ಬಂಗುಡೆ ತಾ.
ಯಂತ್ರದ ಸುದ್ದಿ ಎತ್ತಬೇಡ.