ಪೊರ್ಬುಗಳ ಮಾರು

ಹೊಸ ಪೆನ್ಸಿಲ್ ಬೇಕಾದರೆ ಹಳೆಯದರ ಮೋಟು ತೋರಿಸಬೇಕು.
ಹೆಬ್ಬೆರಳಿಗಿಂತ ಉದ್ದ ಉಳಿದಿದ್ದರೆ
"ಎಂತ ಮಾರಾಯ್ತಿ, ಪೆನ್ಸಿಲ್ ತಿನ್ನುವುದಾ ನೀನು?"
ಬಂದರಿನ ಈ ಹಗ್ಗದಂಗಡಿಗೆ ನಾನು ಸೇರಿ ಆರು ವರ್ಷ,
ಒಟ್ಟು ಹದಿನಾಲ್ಕು ಪೆನ್ಸಿಲ್.

ಬಿ.ಕಾಂ. ಮಾಡಿದವಳು. ಕಂಪ್ಯೂಟರೂ ಉಂಟು,
ಅಳಿಯ ಎಂದೋ ತಂದಿಟ್ಟ ದಪ್ಪ ಬೆನ್ನಿನದು.
ಅದಕ್ಕೆ ಹೂವಿನ ಬಟ್ಟೆ ಹೊದೆಸಿ ಮೇಲೆ
ವೆಲಂಕಣಿ ಮಾತೆಯನ್ನು ಕೂರಿಸಿದ್ದಾರೆ ಲಿಗೋರಿ ಪೊರ್ಬುಗಳು.
ಮಾತೆಯನ್ನು ಎಬ್ಬಿಸಿ ಟ್ಯಾಲಿ ತೆರೆಯುವ ಧೈರ್ಯ ಯಾರಿಗುಂಟು?

ಹಾಗಾಗಿ ಜಿಎಸ್‌ಟಿ ಎಲ್ಲ ಬೆಂಗ್ರೆಯ ಫೆರಿಯಲ್ಲಿ,
ಫೋನಿನಲ್ಲಿ, ಖಾಲಿ ಮೀನುಬುಟ್ಟಿಗಳ ನಡುವೆ ಕುಕ್ಕರುಗಾಲಲ್ಲಿ.
ಹೊಳೆ ದಾಟುವಷ್ಟರಲ್ಲಿ ಎರಡು ಇನ್‌ವಾಯ್ಸ್,
ಎದುರುಗಾಳಿ ಇದ್ದರೆ ಮೂರು.
ಆಮೇಲೆ ಅಂಗಡಿಯಲ್ಲಿ ಅದನ್ನೇ ಮತ್ತೆ
ಕೆಂಪು ರಟ್ಟಿನ ಉದ್ದ ಪುಸ್ತಕಕ್ಕೆ, ಕಾರ್ಬನ್ ಹಾಳೆ ಇಟ್ಟು.
ಅವರು ಕನ್ನಡಕ ಏರಿಸಿ, ಬೆರಳು ಒದ್ದೆ ಮಾಡಿ, ಪುಟ ತಿರುವಿ
"ಲೆಕ್ಕ ಎಂದರೆ ಇದು" ಎನ್ನುತ್ತಾರೆ.
"ಹೌದು ಪೊರ್ಬುಗಳೇ" ಎನ್ನುತ್ತೇನೆ.
ಈ ಹೌದಿಗೆ ಬೇರೆಯೇ ಸಂಬಳ ಕೊಡಬೇಕಿತ್ತು.

ಊರೆಲ್ಲ ಹಗ್ಗ ಮಾರುವುದು ಕಿಲೋದಲ್ಲಿ.
ನಾವು ಮಾರುವುದು ಮಾರಿನಲ್ಲಿ.
ಒಣಹಾಕಿದ ಅಂಗಿಯ ಹಾಗೆ ಎರಡೂ ಕೈ ಚಾಚಿ
ಎದೆಯ ಮೇಲೆ ಹಗ್ಗ ಎಳೆದು
ಒಂಜಿ, ರಡ್ಡ್, ಮೂಜಿ...
ದಕ್ಕೆಯವರಿಗೆ ಅದೇ ಸರಿ. ಕಡಲಿನ ಆಳವೂ ಮಾರಿನಲ್ಲೇ ತಾನೆ.

ಕಳೆದ ಮಳೆಗಾಲ, ಬೋಟುಗಳೆಲ್ಲ ದಡಕ್ಕೆ ಕಟ್ಟಿದ್ದಾಗ,
ಹೊತ್ತು ಹೋಗದೆ ಅಮ್ಮನ ಹೊಲಿಗೆಯ ಟೇಪು ತಂದು ಅಳೆದೆ.
ಹತ್ತು ಮಾರಿಗೆ ಐದಡಿ ಕಡಿಮೆ.
ಮೋಸವಲ್ಲ. ಎಡಭುಜ ಬಿಗಿದಿದೆ,
ರಾತ್ರಿ ಹಚ್ಚಿದ ಬಾಮಿನ ವಾಸನೆ
ಬೆಳಿಗ್ಗೆ ಗಲ್ಲಾದವರೆಗೂ ಬರುತ್ತದೆ.
ಎಪ್ಪತ್ತೆಂಟರ ತೋಳು ಮೊದಲಿನಷ್ಟು ತೆರೆಯುವುದಿಲ್ಲ.
ಎಣಿಕೆ ಮಾತ್ರ ಮೊದಲಿನದೇ.

ಟೇಪನ್ನು ಸುಮ್ಮನೆ ಮೇಜಿನ ಮೇಲೆ ಬಿಟ್ಟು ನೋಡಿದೆ.
"ಇದು ರವಿಕೆಗೆ" ಎಂದು ಎರಡೇ ಬೆರಳಲ್ಲಿ ಎತ್ತಿ
ನನ್ನ ಬ್ಯಾಗಿಗೆ ಹಾಕಿದರು.

ಮತ್ತೆ ಕತ್ತಿ ನಾನು ಹಿಡಿದೆ.
ಅವರು ಅಳೆದು ಫ್ಯಾನಿನ ಕಡೆ ತಿರುಗುವುದೇ ತಡ,
ಗುರುತಿನಿಂದ ಒಂದು ಮಾರು ಆಚೆಗೆ ಕೊಯ್ಯುತ್ತೇನೆ.
"ಕೊಸರು" ಎನ್ನುತ್ತೇನೆ ಗಿರಾಕಿಗೆ, ಮೆಲ್ಲಗೆ.
ಮೊದಲು ಬೆಂಗ್ರೆಯವರಿಗೆ ಮಾತ್ರ, ನಮ್ಮವರೆಂದು. ಆಮೇಲೆ ಎಲ್ಲರಿಗೆ.
ದೂಮಪ್ಪ ಪುತ್ರನ್ ಒಬ್ಬರು ಬೇಡವೆಂದರು.
"ಎರಡು ವರ್ಷದಿಂದ, ಹತ್ತು ಬೇಕಾದಲ್ಲಿ
ನಾವು ಹನ್ನೊಂದು ಕೇಳುವುದು ಮಗಳೇ.
ಪೊರ್ಬುಗಳಿಗೆ ಹೇಳಿಬಿಡಬೇಡ."

ಅಂತೂ ಇಡೀ ದಕ್ಕೆಯಲ್ಲಿ ಹಗ್ಗಕ್ಕೆ ಬರವಿಲ್ಲ.

ಮೊನ್ನೆ ಮೂಜಿ ಎಂದವರು ನಾಲ್ಕಕ್ಕೆ ನಿಂತರು.
ಹಗ್ಗ ಕೈಯಲ್ಲೇ, ಕೈ ಅರ್ಧದಲ್ಲೇ.
ಗಿರಾಕಿ ಬೀದಿಯಲ್ಲಿ ಹೋಗುವ ಲಾರಿ ನೋಡುತ್ತ ನಿಂತ.
"ಬಾ, ನೀನು ಹಿಡಿ."
ಹಿಡಿದೆ. ಕೈ ಚಾಚಿದೆ. ಹಸಿರು ನೈಲಾನ್, ಅಂಗೈ ಉರಿಯಿತು.
ಸ್ಟೂಲಿನಲ್ಲಿ ಕೂತು ನೋಡಿದರು, ಕಣ್ಣು ಕಿರಿದು ಮಾಡಿ.
"ನಿನ್ನ ಮಾರು ಗಿಡ್ಡ. ನಿನ್ನ ಹನ್ನೆರಡೆಂದರೆ
ನನ್ನ ಹತ್ತು."
ಚಹಾದ ಹುಡುಗ ಬಂದು ಗ್ಲಾಸು ಇಟ್ಟು ಹೋದ.
"ನನ್ನ ಮೊದಲಿನ ಹತ್ತು" ಎಂದರು,
ಗ್ಲಾಸಿನೊಳಗೆ ನೋಡುತ್ತ.

ಪುಸ್ತಕದಲ್ಲಿ ಹತ್ತೆಂದೇ ಬರೆಸಿದರು. ಕೊಸರಿನ ಮಾತು ಎತ್ತಲಿಲ್ಲ.
ಪೆನ್ಸಿಲ್ ಕೇಳಿದೆ, ಮೋಟು ಎಲ್ಲಿ ಎಂದರು.

ಸಂಜೆ ಫೆರಿಯಲ್ಲಿ ಎಡಭುಜ ಸಣ್ಣಗೆ ಎಳೆಯುತ್ತಿತ್ತು.
ಫೋನು ತೆಗೆದೆ. ಅಳತೆ ಎಂಬಲ್ಲಿ
ಕಿಲೋ ಉಂಟು, ಮೀಟರ್ ಉಂಟು, ಡಜನ್ ಉಂಟು,
ಮಾರು ಇಲ್ಲ.
ಎಂದಿನಂತೆ "ಇತರೆ" ಒತ್ತಿದೆ.