ಸೊನ್ನೆಗೇ ಬೆಲೆ ಹೆಚ್ಚು

ಇಲ್ಲಿ ಪ್ರತಿ ಮೊಟ್ಟೆಯ ಮೈಮೇಲೂ ಅಂಕಿ ಒತ್ತಿರುತ್ತಾರೆ,
ಕೆಂಪು ಶಾಯಿ, ಇರುವೆ ಸಾಲಿನಷ್ಟು ಸಣ್ಣದು.
ಮೂರು ಅಂದರೆ ಪಂಜರದ ಕೋಳಿ.
ಎರಡು, ಕೊಟ್ಟಿಗೆಯೊಳಗೆ ಅಷ್ಟಿಷ್ಟು ಓಡಾಡಿದ್ದು.
ಒಂದು, ಬಿಸಿಲು ಕಂಡದ್ದು.
ಸೊನ್ನೆ ಅಂದರೆ
ವಿಷವಿಲ್ಲದ ಕಾಳು, ಕೆದಕಲು ಹುಲ್ಲು, ಮಣ್ಣಿನ ಸ್ನಾನ.
ಸೊನ್ನೆಗೇ ಬೆಲೆ ಹೆಚ್ಚು.

ನನ್ನ ಬ್ಯಾಂಕ್ ಖಾತೆಯಲ್ಲೂ ತಿಂಗಳ ಇಪ್ಪತ್ತೆಂಟಕ್ಕೆ
ಒಂದು ಸೊನ್ನೆ ಬಂದು ಕೂರುತ್ತದೆ;
ಅದನ್ನು ಯಾರೂ ಕೊಳ್ಳುವುದಿಲ್ಲ.

ವುಚ್ ಪಟ್ಟಣದಲ್ಲಿ ಟ್ರಾಮ್ ಓಡಿಸುತ್ತೇನೆ.
ನಾಲ್ಕೂಕಾಲಿಗೆ ಡಿಪೋ. ಆಮೇಲೆ
ಮಗ್ಗ ನಿಂತುಹೋದ ಗಿರಣಿಗಳ ಪಕ್ಕ
ಕೇಳುವವರಿಲ್ಲದಿದ್ದರೂ ಗಂಟೆ ಬಾರಿಸುತ್ತ.
ಒಂದೂವರೆಗೆ ಇಳಿದು ನೇರ ಸಂತೆಗೆ,
ಮಾರುವವರು ಡಬ್ಬ ಮುಚ್ಚುವ ಹೊತ್ತಿಗೆ.
ಆಗ ಝೆನೋನ್ ಮುದುಕನಿಗೂ ಮನೆಯ ನೆನಪು,
ತಕ್ಕಡಿ ನನ್ನ ಕಡೆ ಸ್ವಲ್ಪ ವಾಲುತ್ತದೆ.
"ಔಷಧಿ ಹೊಡೆದಿಲ್ಲ, ನೋಡು" ಎಂದು
ಹುಳ ಕೊರೆದ ಸೇಬನ್ನೇ ಸಾಕ್ಷಿಗೆ ಎತ್ತಿ ಹಿಡಿಯುತ್ತಾನೆ.
ಹುಳ ತಿಂದು ಬದುಕಿದೆ, ನಾವೂ ಬದುಕಿಯೇವು.
ಅರ್ಧ ಬೆಲೆಗೆ ತಂದು
ಹುಳದ ಪಾಲು ಹುಳಕ್ಕೆ ಬಿಟ್ಟು
ಉಳಿದದ್ದು ಬೇಯಿಸುತ್ತೇನೆ.

ಎಲೆಕೋಸಿನದು ಹೇಗೋ ನಡೆಯುತ್ತದೆ:
ಅಕ್ಟೋಬರಿನಲ್ಲಿ ಒಂದೇ ಮೂಟೆ, ಉಪ್ಪು, ಪಿಂಗಾಣಿ ಭರಣಿ,
ಮೇಲೊಂದು ಕಲ್ಲು,
ಮಾರ್ಚಿನ ತನಕ ಹುಳಿ ಊಟ.
ಗ್ರಿಕಾ ಕಾಳಿನ ನುಚ್ಚು, ಬೀಟ್‌ರೂಟು, ಬೀಟ್‌ರೂಟಿನ ಸೊಪ್ಪೂ.
ಹಾಲು, ಕಣ್ಣು ಮುಚ್ಚಿ ಅಗ್ಗದ್ದು.
ಮಾಂಸ ಭಾನುವಾರ. ಕೆಲವು ಭಾನುವಾರ.
ಮೊಟ್ಟೆಯೇ ಕೈಕೊಡುವುದು.
ಮೊಟ್ಟೆಗೆ ಹುಳ ಬೀಳುವುದಿಲ್ಲ, ಸಂಜೆಗೆ ಬಾಡುವುದಿಲ್ಲ,
ಚೌಕಾಸಿಗೆ ಹಿಡಿಯೋಣವೆಂದರೆ
ಎಲ್ಲೂ ಮೂಲೆಯೇ ಇಲ್ಲ.

ಹಾಗಾಗಿ ಒಂದು ಉಪಾಯ ಮಾಡಿದ್ದೆ.
ಸೊನ್ನೆಯವು ಆರು, ಯಾಗ್ನಾಳಿಗೆ.
ಮೂರರವು ಹತ್ತು, ನನಗೆ.
ಒಂದೇ ರಟ್ಟಿನ ತಟ್ಟೆಯಲ್ಲಿ ಎಡಕ್ಕೆ ಅವಳದು, ಬಲಕ್ಕೆ ನನ್ನದು.
ಎರಡು ಬಾಣಲೆ, ಎರಡು ಸಲ ಎಣ್ಣೆ.
"ನಿನಗೆ ಬೇರೆ ಯಾಕಮ್ಮ?"
"ನನಗೆ ಗಟ್ಟಿ ಬೇಯಬೇಕು ಮಗಳೇ."
ಎರಡು ವರ್ಷ ಬಾಳಿತು ಈ ಸುಳ್ಳು.
ಅಷ್ಟು ದಿನ ನನ್ನ ಬೂಟೂ ಬಾಳಿಲ್ಲ.

ಶಾಲೆಯಲ್ಲಿ ಹೇಳಿಕೊಟ್ಟರಂತೆ ಅಂಕಿಯ ಅರ್ಥ.
ಆ ಸಂಜೆ ಕಸದ ಬುಟ್ಟಿಗೆ ಬಗ್ಗಿದ್ದಳು,
ಒಡೆದ ಚಿಪ್ಪುಗಳನ್ನು ಜೋಡಿಸುತ್ತ
ಹರಿದ ಪತ್ರ ಓದುವವಳ ಹಾಗೆ.
ಏನೂ ಕೇಳಲಿಲ್ಲ.
ಹನ್ನೊಂದು ವರ್ಷದ ಮಗು ಏನೂ ಕೇಳದೆ ಇದ್ದಾಗ
ಮನೆಯಲ್ಲಿ ಫ್ರಿಜ್ಜಿನ ಸದ್ದು ದೊಡ್ಡದಾಗುತ್ತದೆ.

ಈಸ್ಟರಿನ ಹಿಂದಿನ ಶುಕ್ರವಾರ ಪಾಳಿ ಮುಗಿಸಿ ಬಂದೆ.
ಮೆಟ್ಟಿಲಲ್ಲೇ ಈರುಳ್ಳಿಯ, ವಿನೆಗರಿನ ವಾಸನೆ.
ಬಣ್ಣ ಕಟ್ಟಲೆಂದು ಚಳಿಗಾಲವಿಡೀ ಕೂಡಿಟ್ಟ
ಈರುಳ್ಳಿ ಸಿಪ್ಪೆಯ ಚೀಲ ಖಾಲಿ.
ಸಾರಿನ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿವೆ
ಹದಿನಾರೂ ಒಟ್ಟಿಗೇ, ಎಡಬಲವಿಲ್ಲದೆ,
ಹಳೆಯ ಹಳಿಯ ತುಕ್ಕಿನ ಬಣ್ಣಕ್ಕೆ ತಿರುಗಿ.
ಶಾಯಿಯನ್ನೆಲ್ಲ ವಿನೆಗರ್ ತಿಂದುಬಿಟ್ಟಿದೆ.
ಕನ್ನಡಕ ಹಾಕಿ, ದೀಪಕ್ಕೆ ಹಿಡಿದು,
ಒಂದೊಂದನ್ನೇ ತಿರುಗಿಸಿ ನೋಡಿದೆ.
"ಯಾವುದು ನಿಂದು, ತೋರಿಸು ನೋಡೋಣ," ಅಂದಳು
ಸೌಟು ಹಿಡಿದುಕೊಂಡೇ.

ಬೈದೆ. ಬೈಯಲೇಬೇಕಿತ್ತು,
ಆ ಆರು ಮೊಟ್ಟೆಯ ದುಡ್ಡು ಸುಮ್ಮನೆ ಬರುವುದಿಲ್ಲ.
ನಾಳೆ ಪಾದ್ರಿ ನೀರು ಚಿಮುಕಿಸುವ ತನಕ
ಮುಟ್ಟಲೂಬಾರದು ಅಂತಲೂ ಬೈದೆ.
ಅಷ್ಟರಲ್ಲಿ ಒಂದನ್ನು ಸುಲಿದು ಉಪ್ಪು ಅದ್ದಿ
ನನ್ನ ಬಾಯಿಗೇ ತುರುಕಿದಳು.

ಸೊನ್ನೆಯೋ ಮೂರೋ,
ನಾಲಿಗೆಗೆ ಗೊತ್ತಾಗುತ್ತದೆ ಅನ್ನುತ್ತಾನೆ ಝೆನೋನ್ ಮುದುಕ.
ನನಗೆ ಗೊತ್ತಾಗಲಿಲ್ಲ. ಬಿಸಿಯಿತ್ತು.
ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು.